ಕೆರೆಗೆ ಫ್ರಂಟ್ ಇರೋದಿಲ್ಲ ಸ್ವಾಮಿ

ನಮ್ಮಪ್ಪ ಬೆಂಗಳೂರಿಗೆ ಬಂದರೆ ಎರಡು ದಿನಕ್ಕಿಂತ ಹೆಚ್ಚು ನಿಲ್ಲುವವರಲ್ಲ. ನನ್ನ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಬಂದವರು, ಹಾಲುಕ್ಕಿಸಿ ಊಟ ಮುಗಿಸಿದ ಮೇಲೆ ಬಾಲ್ಕನಿಗೆ ಹೋಗಿ ನಿಂತರು. 2020ರ ಜನವರಿ. ಮೂರನೇ ಮಹಡಿ, ಪೂರ್ವಕ್ಕೆ ಬಾಲ್ಕನಿ, ಎದುರಿಗೆ ನೀರು. ಬ್ರೋಷರಿನಲ್ಲಿ ‘ಲೇಕ್ ಫ್ರಂಟ್ ಲಿವಿಂಗ್’ ಅಂತ ದಪ್ಪಕ್ಷರದಲ್ಲಿ ಇತ್ತು. ಆ ಎರಡು ಪದಕ್ಕೆ ಚದರಡಿಗೆ ಇಷ್ಟು ಅಂತ ಹೆಚ್ಚಿಗೆ ತೆತ್ತಿದ್ದೆ. ಹಾಗಾಗಿ ಅಪ್ಪ ಏನಾದರೂ ಒಳ್ಳೇ ಮಾತಾಡಲಿ ಅಂತ ಪಕ್ಕದಲ್ಲೇ ಕಾಯ್ತಾ ನಿಂತೆ.

“ಚೆನ್ನಾಗದೆ ಕಣ್ ಮಗಾ,” ಅಂದ್ರು. “ತೂಬು ಎಲ್ಲದೆ?”

“ಗೊತ್ತಿಲ್ಲಪ್ಪ.”

“ಕೋಡಿ ಯಾವ ಕಡೆಗದೆ?”

ನನಗೆ ನಗು ಬಂತು. “ಅಪ್ಪ, ಇದು ಲೇಕು. ನಮ್ಮೂರ ಕೆರೆ ಥರ ಅಲ್ಲ.”

ಅಪ್ಪ ನಗಲಿಲ್ಲ. ನೀರಿನ ಕಡೆ ಒಂದು ಸಲ, ಕೆಳಗೆ ಪಾರ್ಕಿಂಗ್ ಕಡೆ ಒಂದು ಸಲ ನೋಡಿದ್ರು. “ನೀರು ಅಲ್ಲಿ ಮೇಲದೆ. ನೆಲ ಇಲ್ಲಿ ಕೆಳಗದೆ. ಬೆಳಗಾಗೆದ್ದು ವಾಕಿಂಗ್ ಹೋಗ್ತೀನಿ ಅಂತೀಯಲ್ಲ ಆ ರಸ್ತೆ, ಅದೇ ಏರಿ. ನೀನು ಏರಿ ಹಿಂದೆ ಗದ್ದೆ ಬಯಲಲ್ಲಿ ಮನೆ ತಗೊಂಡಿದೀಯ ಕಣೋ.” ಅಷ್ಟು ಹೇಳಿ ಎಲೆ ಅಡಿಕೆ ಹಾಕ್ಕೊಳ್ಳೋಕೆ ಒಳಗೆ ಹೋದ್ರು.

2022ರ ಸೆಪ್ಟೆಂಬರ್ ಮೊದಲ ವಾರ ನಿಮಗೂ ನೆನಪಿರಬೇಕು. ಔಟರ್ ರಿಂಗ್ ರೋಡು ಹೊಳೆಯಾಗಿತ್ತು. ಟೆಕ್ಕಿಗಳು ಟ್ರ್ಯಾಕ್ಟರಿನ ಮೇಲೆ ಲ್ಯಾಪ್‌ಟಾಪ್ ಬ್ಯಾಗು ಎದೆಗವಚಿಕೊಂಡು ಆಫೀಸಿಗೆ ಹೋದ ಫೋಟೋ ದೇಶವೆಲ್ಲ ಓಡಾಡಿತು. ನಮ್ಮ ಬೇಸ್‌ಮೆಂಟಿಗೆ ನೀರು ರಾತ್ರಿ ಎರಡು ಗಂಟೆಗೆ ಬಂತು. ಬೆಳಗಾಗುವಷ್ಟರಲ್ಲಿ ಕಾರುಗಳ ತಲೆ ಮಾತ್ರ ಕಾಣ್ತಿತ್ತು. ಲಿಫ್ಟ್ ಇಲ್ಲ, ಕರೆಂಟ್ ಇಲ್ಲ, ಕುಡಿಯೋ ನೀರಿಲ್ಲ. ಊರಿಗೆ ಫೋನ್ ಮಾಡಿದೆ. ಅಪ್ಪ ಕೇಳಿದ್ದು ಒಂದೇ ಮಾತು: “ಕೋಡಿ ಬಿತ್ತಾ?”

ಬಿದ್ದಿತ್ತು. ಕೋಡಿ ನೀರು ಮೊದಲು ಹರಿದು ಹೋಗ್ತಿದ್ದ ದಾರಿಯಲ್ಲಿ ಈಗ ನಮ್ಮ ಜನರೇಟರ್ ರೂಮ್ ಇದೆ.

ಬಿಲ್ಡರುಗಳನ್ನ, ಪಾಲಿಕೆಯನ್ನ ಬೈಯೋಕೆ ಈ ಬರಹ ಬರೀತಿಲ್ಲ. ಅದನ್ನ ಮಾಡೋರು ಬೇಕಾದಷ್ಟು ಜನ ಇದ್ದಾರೆ, ಮಾಡಲಿ. ನಾನು ಬೈಬೇಕು ಅಂತಿರೋದು ಒಂದು ಪದವನ್ನ, ಆ ಪದ ನುಂಗಿಕೊಂಡ ನಮ್ಮನ್ನ. ನೀರಿನ ಪಕ್ಕದ ಜಾಗಕ್ಕೆ ನಾವು ಇಂಗ್ಲಿಷಿನಲ್ಲಿ ಇಡ್ತಿರೋ ಹೆಸರುಗಳು ತಪ್ಪು. ಸ್ಪೆಲ್ಲಿಂಗ್ ತಪ್ಪಾದ ಹಾಗೆ ಅಲ್ಲ, ಕರೆಂಟ್ ಕಂಬಕ್ಕೆ ಬೇಲಿ ಗೂಟ ಅಂತ ಬೋರ್ಡು ಹಾಕಿದ ಹಾಗೆ ತಪ್ಪು. ಮುಟ್ಟಿದವನಿಗೇ ಗೊತ್ತಾಗೋದು.

ಮೊದಲು ನನ್ನ ಪಾಪ ಒಪ್ಪಿಕೊಂಡುಬಿಡ್ತೀನಿ. ಈ ಫ್ಲ್ಯಾಟ್ ಕೊಳ್ಳೋಕೆ ಎರಡು ವರ್ಷ ಮುಂಚೆ ನಾನು ಮನೆ ಮಾರಾಟದ ವೆಬ್‌ಸೈಟ್ ನಡೆಸೋ ಒಂದು ಕಂಪನಿಯಲ್ಲಿದ್ದೆ. ಮನೆ ಹುಡುಕುವವರಿಗೆ ಒಂದು ಫಿಲ್ಟರ್ ಬೇಕಿತ್ತು, ಹತ್ತಿರದಲ್ಲಿ ಯಾವ ನೀರಿದೆ ಅಂತ ಆರಿಸಿಕೊಳ್ಳೋಕೆ. ಡ್ರಾಪ್‌ಡೌನಿನಲ್ಲಿ ನಾಲ್ಕು ಆಯ್ಕೆ: ಲೇಕ್ ಫ್ರಂಟ್, ಲೇಕ್ ವ್ಯೂ, ರಿವರ್ ಸೈಡ್, ಸೀ ಫೇಸಿಂಗ್. ಬರೆದವನು ನಾನೇ. ಒಂದು ದಿನ ಯಾರೋ ಮಾರುವವರು ದೂರು ಕೊಟ್ಟರು, ತಮ್ಮ ಮನೆ ಪಕ್ಕ ಹರಿಯೋದಕ್ಕೆ ಈ ನಾಲ್ಕರಲ್ಲಿ ಯಾವುದೂ ಹೊಂದಲ್ಲ ಅಂತ. ಮ್ಯಾಪಿನಲ್ಲಿ ನೋಡಿದರೆ ಅದು ರಾಜಕಾಲುವೆ. ಮೀಟಿಂಗಿನಲ್ಲಿ ಐದು ನಿಮಿಷ ಚರ್ಚೆ ಆಯ್ತು. ‘ಕೆನಾಲ್ ಸೈಡ್’ ಅಂತ ಸೇರಿಸಿಬಿಡಿ, ವೆನಿಸ್ ಥರ ಕೇಳಿಸುತ್ತೆ ಅಂತ ಯಾರೋ ಅಂದರು. ಎಲ್ಲರೂ ನಕ್ಕೆವು. ಸಂಜೆಯೊಳಗೆ ಸೇರಿಸಿ ಟಿಕೆಟ್ ಮುಚ್ಚಿದೆ. ಎರಡು ವರ್ಷದ ಮೇಲೆ ಅದೇ ಫಿಲ್ಟರ್ ಒತ್ತಿ ನನ್ನ ಮನೆ ಹುಡುಕಿದೆ. ಕೋಡ್ ಬರೆಯೋಕೆ ಬರ್ತಿತ್ತು, ಕೋಡಿ ಮರೆತುಹೋಗಿತ್ತು.

ಈಗ ವಿಷಯಕ್ಕೆ ಬರೋಣ. ಇಂಗ್ಲಿಷ್ ಬಡ ಭಾಷೆ ಅಂತ ನಾನು ಹೇಳ್ತಿಲ್ಲ. ನೀರಿನ ಅಂಚಿನ ವಿಷಯದಲ್ಲಿ ಅದು ಬಹಳ ಜೋಪಾನದ ಭಾಷೆ. ನದಿಗೆ ಇರೋದು ಬ್ಯಾಂಕು, ಸಮುದ್ರಕ್ಕೂ ಸರೋವರಕ್ಕೂ ಇರೋದು ಶೋರು. ಮರಳೋ ಬೆಣಚುಕಲ್ಲೋ ಹಾಸಿದ್ದರೆ ಬೀಚು. ದೇಶದ ಅಂಚು ಅಂತ ದೊಡ್ಡದಾಗಿ ನೋಡುವಾಗ ಕೋಸ್ಟು. ರಜೆಗೆ ಮಕ್ಕಳನ್ನ ಕರಕೊಂಡು ಹೋದರೆ ಅದೇ ಜಾಗ ಸೀಸೈಡ್. ಊರಿನ ಬೀದಿ, ಗೋದಾಮು, ಹಡಗುಕಟ್ಟೆಗಳು ನೀರಿಗೆ ಮುಖ ಮಾಡಿ ನಿಂತಿದ್ದರೆ ವಾಟರ್‌ಫ್ರಂಟ್. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಇಂಗ್ಲಿಷ್ ಮನೆಮಾತಿನವನ ಕಿವಿಗೆ ಚುಚ್ಚುತ್ತೆ. ಇಂಗ್ಲೆಂಡಿನಲ್ಲಿ ಲೇಕ್ ಡಿಸ್ಟ್ರಿಕ್ಟ್ ಅಂತಲೇ ಒಂದು ಸೀಮೆ ಇದೆಯಲ್ಲ, ಅಲ್ಲಿನ ದೊಡ್ಡ ಸರೋವರಗಳ ಪೈಕಿ ಹೆಸರಿನಲ್ಲಿ ಲೇಕ್ ಅಂತ ಇರೋದು ಬ್ಯಾಸೆಂತ್ವೇಟ್ ಒಂದಕ್ಕೇ. ಮಿಕ್ಕವೆಲ್ಲ ವಿಂಡರ್‌ಮಿಯರ್, ಬಟರ್‌ಮಿಯರ್, ಅಲ್ಸ್‌ವಾಟರ್ ಅಂತ ‘ಮಿಯರ್’ಗಳು, ‘ವಾಟರ್’ಗಳು. ಸ್ಕಾಟ್ಲೆಂಡಿಗೆ ಹೋದರೆ ಲಾಕ್. ಲಾಕ್ ನೆಸ್ ಅನ್ನೋದನ್ನ ಯಾವ ಇಂಗ್ಲಿಷನೂ ಲೇಕ್ ನೆಸ್ ಅನ್ನಲ್ಲ. ನಾರ್ವೆಯವರ ಫ್ಯೋರ್ಡ್ ಅನ್ನ ಫ್ಯೋರ್ಡ್ ಅಂತಲೇ ತಗೊಂಡರು. ಅರಬರ ವಾದಿ ವಾದಿಯಾಗೇ ಉಳೀತು. ಬೇರೆಯವರ ನೀರಿಗೆ ಬೇರೆಯವರ ಹೆಸರೇ ಸರಿ ಅಂತ ಆ ಭಾಷೆಗೆ ಗೊತ್ತು.

ನಮ್ಮಲ್ಲಿಗೆ ಬಂದಾಗಲೂ ಗೊತ್ತಿತ್ತು. ಬ್ರಿಟಿಷರು ನಮ್ಮ ಕೆರೆಯನ್ನ ಲೇಕ್ ಅನ್ನದೆ ಟ್ಯಾಂಕ್ ಅಂದರು. ಆ ಪದಕ್ಕೆ ಗುಜರಾತಿನ ಕಡೆಯ ಟಾಂಕಿ, ಪೋರ್ಚುಗೀಸರ ಟಾಂಕೆ ಎರಡೂ ಮೂಲ ಅಂತ ನಿಘಂಟುಗಳು ಹೇಳ್ತವೆ. ಏರಿಗೆ ಬಂಡ್ ಅಂದರು, ಅದು ಪಾರ್ಸಿಯಿಂದ ಹಿಂದೂಸ್ತಾನಿಗೆ ಬಂದ ಪದ. ಇಲ್ಲಿಂದ ಹಡಗು ಹತ್ತಿ ಶಾಂಘೈಗೆ ಹೋಗಿ ಅಲ್ಲಿನ ನದಿ ದಂಡೆಯ ಬೀದಿಗೂ ಅದೇ ಹೆಸರಾಯ್ತು. ಹಳ್ಳಕ್ಕೆ ನಾಲಾ. ಅಣೆಕಟ್ಟಿಗೆ ಆನಿಕಟ್, ಅದಂತೂ ನಮ್ಮ ಕನ್ನಡ ತಮಿಳಿನ ಪದವೇ. ಹಳೇ ಇಂಗ್ಲಿಷ್ ಗೆಜೆಟಿಯರುಗಳನ್ನ ತೆಗೆದು ನೋಡಿ, ಟ್ಯಾಂಕ್, ಬಂಡ್, ಆನಿಕಟ್ ಪುಟಪುಟದಲ್ಲೂ ಸಿಗ್ತವೆ. ಆ ಜನ ಕಂದಾಯ ವಸೂಲಿಗೆ ಬಂದವರು. ಯಾವ ನೀರು ಎಷ್ಟು ಎಕರೆ ಗದ್ದೆಗೆ ಹೋಗುತ್ತೆ ಅಂತ ಅವರಿಗೆ ಖಚಿತವಾಗಿ ಬೇಕಿತ್ತು. ಕಾವ್ಯಕ್ಕೆ ಪುರುಸೊತ್ತಿರಲಿಲ್ಲ. 1882ರಲ್ಲಿ ಕಟ್ಟಿದ ಸ್ಯಾಂಕಿ ಟ್ಯಾಂಕ್ ಇವತ್ತಿಗೂ ಸ್ಯಾಂಕಿ ಟ್ಯಾಂಕೇ. ಮೆಜೆಸ್ಟಿಕ್ಕಿನ ಹತ್ತಿರ ಟ್ಯಾಂಕ್ ಬಂಡ್ ರೋಡ್ ಅಂತ ಒಂದು ರಸ್ತೆ ಇದೆ. ಟ್ಯಾಂಕ್ ಎಲ್ಲಿ ಅಂತ ಕೇಳಬೇಡಿ. ಅದು ಧರ್ಮಾಂಬುಧಿ ಕೆರೆ, ಈಗ ಅದರ ಅಂಗಳದಲ್ಲಿ ಬಿಎಂಟಿಸಿ ಬಸ್ಸು ನಿಲ್ತವೆ. ಕೆರೆ ಹೋದರೂ ಹೆಸರು ಸತ್ಯ ಹೇಳ್ತಾ ನಿಂತಿದೆ.

ಹಾಗಾದರೆ ಟ್ಯಾಂಕು ಲೇಕ್ ಆಗಿದ್ದು ಯಾವಾಗ? ಒಂದು ತಾರೀಕು ಅಂತ ಇಲ್ಲ. ನೀರಿನ ಕೆಲಸ ಮುಗಿದು ನೀರಿನ ನೋಟ ಶುರುವಾದಾಗ. ಅಚ್ಚುಕಟ್ಟಿನ ಗದ್ದೆ ಲೇಔಟ್ ಆಯ್ತು, ತೂಬು ತುಕ್ಕು ಹಿಡೀತು, ನೀರುಗಂಟಿಯ ಮಗ ಸೆಕ್ಯುರಿಟಿ ಗಾರ್ಡ್ ಆದ. ಉಳಿದಿದ್ದು ಬಾಲ್ಕನಿಯಿಂದ ಕಾಣೋ ನೀಲಿ. ಆ ನೀಲಿಗೆ ಟ್ಯಾಂಕ್ ಅಂದರೆ ಮಾರಾಟ ಆಗಲ್ಲ. ‘ಟ್ಯಾಂಕ್ ವ್ಯೂ ಅಪಾರ್ಟ್‌ಮೆಂಟ್’ ಅಂದರೆ ಛಾವಣಿ ಮೇಲಿನ ಕಪ್ಪು ಪ್ಲಾಸ್ಟಿಕ್ ಡ್ರಮ್ಮು ನೆನಪಾಗುತ್ತೆ. ಲೇಕ್ ಅಂದರೆ ಸ್ವಿಟ್ಜರ್ಲೆಂಡ್.

ತೊಂದರೆ ಇರೋದೇ ಇಲ್ಲಿ. ಲೇಕ್ ಅನ್ನೋದು ತಾನಾಗಿ ಇರುವಂಥದ್ದು. ಅದಕ್ಕೊಂದು ದಡ ಇರುತ್ತೆ, ಆ ದಡ ಹೆಚ್ಚುಕಮ್ಮಿ ಅಲ್ಲೇ ಇರುತ್ತೆ. ದಡದ ಯಾವ ಭಾಗದಲ್ಲಿ ಮನೆ ಕಟ್ಟಿದರೂ ಅದು ಲೇಕ್ ಸೈಡೇ. ಕೆರೆ ಹಾಗಲ್ಲ. ಇಳಿಜಾರಿನಲ್ಲಿ ಹರಿದು ಹೋಗೋ ಮಳೆನೀರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನಿಲ್ಲಿಸಿದ ಯಂತ್ರ ಅದು. ಹೌದು, ಯಂತ್ರ ಅಂತಲೇ ಅಂತೀನಿ. ಇನ್‌ಪುಟ್ ಇದೆ, ಔಟ್‌ಪುಟ್ ಇದೆ, ಓವರ್‌ಫ್ಲೋ ಹ್ಯಾಂಡ್ಲಿಂಗ್ ಇದೆ. ಮೇಲಿನಿಂದ ಕಾಲುವೆಯಲ್ಲಿ ನೀರು ಬರುತ್ತೆ, ತೂಬಿನಿಂದ ಅಳೆದು ಗದ್ದೆಗೆ ಬಿಡ್ತಾರೆ, ಹೆಚ್ಚಾದದ್ದು ಕೋಡಿಯಲ್ಲಿ ಹರಿದು ಕೆಳಗಿನ ಕೆರೆಗೆ ಹೋಗುತ್ತೆ. ಒಂದರ ಕೋಡಿ ಇನ್ನೊಂದರ ಕಾಲುವೆ. ಬೆಳ್ಳಂದೂರಿನದು ವರ್ತೂರಿಗೆ, ವರ್ತೂರಿನದು ಮುಂದೆ ದಕ್ಷಿಣ ಪಿನಾಕಿನಿಗೆ. ದಿಬ್ಬದ ಮೇಲಿರೋ ಬೆಂಗಳೂರಿಗೆ ದೊಡ್ಡ ನದಿ ಇಲ್ಲ, ಇರೋದು ಈ ಸರಪಣಿ.

ಅದಕ್ಕೇ ಕೆರೆಯ ಪಕ್ಕ ಅನ್ನೋಕೆ ನಮ್ಮೂರಲ್ಲಿ ಒಂದೇ ಮಾತಿಲ್ಲ. “ನಿಮ್ಮ ಹೊಲ ಎಲ್ಲಿ?” ಅಂತ ಕೇಳಿದರೆ “ಕೆರೆ ಪಕ್ಕ” ಅಂತ ಹೇಳಿದವನನ್ನ ಜನ ಪೆದ್ದ ಅಂದುಕೊಳ್ತಾರೆ. ಏರಿ ಹಿಂದೆಯೋ, ಕೋಡಿ ಕೆಳಗೋ, ತೂಬಿನ ಬಾಯಲ್ಲೋ, ಕೆರೆ ಅಂಗಳದಲ್ಲೋ, ಹಿನ್ನೀರು ಬರೋ ಕಡೆಯೋ? ಏರಿ ಹಿಂದೆ ಅಂದರೆ ವರ್ಷವೆಲ್ಲ ತೇವ, ಭತ್ತಕ್ಕೆ ಲಾಯಕ್ಕು, ಏರಿ ಒಡೆದರೆ ಮೊದಲು ಕೊಚ್ಚಿ ಹೋಗೋದು. ಕೋಡಿ ಕೆಳಗೆ ಅಂದರೆ ಒಳ್ಳೇ ಮಳೆಗಾಲದಲ್ಲಿ ಪೈರು ದೇವರ ಪಾಲು. ಅಂಗಳ ಅಂದರೆ ಬೇಸಗೆಯಲ್ಲಿ ದನ ಮೇಯಿಸೋಕೆ, ಗೋಡು ಮಣ್ಣು ಹೊಡೆಯೋಕೆ, ಸೌತೆಕಾಯಿ ಬಳ್ಳಿ ಹಾಕೋಕೆ ಸೈ, ಆದರೆ ಅದು ಯಾರ ಸ್ವಂತದ್ದೂ ಅಲ್ಲ, ನೀರಿನದು. ಹಿನ್ನೀರಿನ ಕಡೆ ಅಂದರೆ ತುಂಬಿದ ವರ್ಷ ಮೊಣಕಾಲುದ್ದ ನೀರು, ಬರಗಾಲದಲ್ಲಿ ಆಟದ ಬಯಲು. ಒಂದೊಂದು ಪದದಲ್ಲೂ ನೀರು ಎಲ್ಲಿಂದ ಬರುತ್ತೆ, ಯಾವಾಗ ಬರುತ್ತೆ ಅಂತ ಹೇಳಿಬಿಟ್ಟಿರುತ್ತೆ. ಹುಡುಗರಾಗಿದ್ದಾಗ ನಾವು ಇದನ್ನೆಲ್ಲ ಪಾಠ ಅಂತ ಕಲಿತಿದ್ದಲ್ಲ. ಎಲ್ಲಿ ಈಜಬಹುದು, ಎಲ್ಲಿ ಇಳಿದರೆ ಬೆನ್ನ ಮೇಲೆ ಬೀಳುತ್ತೆ ಅಂತ ಕಲೀವಾಗ ಜೊತೆಗೇ ಬಂದಿದ್ದು.

ಈಗ ಈ ಐದೂ ಜಾಗಗಳನ್ನ ತಗೊಂಡು ‘ಲೇಕ್ ಸೈಡ್’ ಅನ್ನೋ ಒಂದೇ ಡಬ್ಬಿಗೆ ಹಾಕಿ. ಬಯಲು ಸೀಮೆಯ ಜನ ಎಷ್ಟೋ ತಲೆಮಾರಿನಿಂದ ಕೂಡಿಟ್ಟ ಅಪಾಯದ ಲೆಕ್ಕ ಅಳಿಸಿಹೋಯ್ತು. ಸಾಫ್ಟ್‌ವೇರಿನವರಿಗೆ ಅರ್ಥವಾಗೋ ಹಾಗೆ ಹೇಳಬೇಕು ಅಂದರೆ, ಐದು ಬೇರೆ ಬೇರೆ ವ್ಯಾಲ್ಯೂ ಇದ್ದ ಕಾಲಮ್ಮನ್ನ ತೆಗೆದು ‘ಹೌದು’ ಅಥವಾ ‘ಇಲ್ಲ’ ಮಾಡಿಬಿಟ್ಟೆವು. ಡೇಟಾ ಹೋಯ್ತು, ಬ್ಯಾಕಪ್ ಊರಲ್ಲಿ ಎಪ್ಪತ್ತು ದಾಟಿದವರ ತಲೆಯಲ್ಲಿ ಮಾತ್ರ ಇದೆ.

‘ಫ್ರಂಟ್’ ಇನ್ನೂ ಕೆಟ್ಟದ್ದು. ಫ್ರಂಟ್ ಅಂದರೆ ಮುಂಭಾಗ. ಮನೆ ನೀರಿಗೆ ಮುಖ ಮಾಡಿದೆ ಅಂತ ಅರ್ಥ. ನೀರು ಯಾವ ಕಡೆ ಮುಖ ಮಾಡಿದೆ ಅಂತ ಯಾರೂ ಕೇಳಲ್ಲ. ಕೆರೆಯ ಮುಖ ಇಳಿಜಾರಿನ ಕಡೆಗೆ, ಅಂದರೆ ಏರಿಯ ಕಡೆಗೆ, ಅಂದರೆ ನನ್ನ ಬೇಸ್‌ಮೆಂಟಿನ ಕಡೆಗೆ.

ಲೇಕಿಗಿಂತ ದೊಡ್ಡ ಅನ್ಯಾಯ ಆಗಿರೋದು ರಾಜಕಾಲುವೆಗೆ. ಕನ್ನಡದಲ್ಲಿ ಅದಕ್ಕೆ ರಾಜ ಅಂತ ಮರ್ಯಾದೆ ಕೊಟ್ಟಿದ್ದೀವಿ. ಇಂಗ್ಲಿಷಿನಲ್ಲಿ, ಸರ್ಕಾರಿ ಕಾಗದದಲ್ಲೂ, ಅದು ‘ಸ್ಟಾರ್ಮ್ ವಾಟರ್ ಡ್ರೈನ್’. ಡ್ರೈನ್ ಅಂದಮೇಲೆ ಮುಗೀತು, ಅದು ಕೆಟ್ಟದ್ದನ್ನ ಸಾಗಹಾಕೋ ಮೋರಿ. ಕಸ ಹಾಕಬಹುದು, ಒಳಚರಂಡಿ ಪೈಪು ತಿರುಗಿಸಬಹುದು, ಮೇಲೆ ಸ್ಲ್ಯಾಬ್ ಹಾಕಿ ಕಾರು ನಿಲ್ಲಿಸಬಹುದು. ಒಂದು ಕೆರೆಯಿಂದ ಇನ್ನೊಂದಕ್ಕೆ ನೀರು ಒಯ್ಯೋ ಕಾಲುವೆ ಅಂತ ಆ ಹೆಸರಿನಲ್ಲಿ ಎಲ್ಲೂ ಇಲ್ಲ. ವೃಷಭಾವತಿ ನದಿಯನ್ನ ನಾವು ಕೆಂಗೇರಿ ಮೋರಿ ಅಂತ ಕರೆದು ಕರೆದು ಮೋರಿಯನ್ನೇ ಮಾಡಿದೆವಲ್ಲ, ಹಾಗೆ. ಕರೆದ ಹಾಗೆ ನೀರೂ ಆಗುತ್ತೆ. ಬೆಳ್ಳಂದೂರಿಗೆ ಡ್ರೈನುಗಳು ತಂದು ಸುರಿದದ್ದರಿಂದ ಏನಾಯ್ತು ಅಂತ ಜಗತ್ತೇ ನೋಡಿತು. ನೊರೆ ರಸ್ತೆಗೆ ಹಾರಿತು, 2015ರಲ್ಲಿ, 2017ರಲ್ಲಿ, 2018ರಲ್ಲಿ ಕೆರೆಗೆ ಬೆಂಕಿ ಬಿತ್ತು.

ಪದದ ಮೇಲೆ ಇಷ್ಟೊಂದು ಭಾರ ಹಾಕ್ತೀಯಲ್ಲ ಅಂತ ನೀವು ಕೇಳಬಹುದು. ಕಾನೂನೂ ಪದದ ಮೇಲೇ ನಿಂತಿದೆ ಸ್ವಾಮಿ. ಕೆರೆಗಳನ್ನ ಕಾಯೋಕೆ ಅಂತ 2014ರಲ್ಲಿ ನಮ್ಮ ರಾಜ್ಯ ಒಂದು ಪ್ರಾಧಿಕಾರ ಮಾಡಿತು. ಇಂಗ್ಲಿಷಿನಲ್ಲಿ ಅದರ ಹೆಸರಿನಲ್ಲಿ ‘ಲೇಕ್’ ಇತ್ತು. 2018ರಲ್ಲಿ ಅದು ಸಣ್ಣ ನೀರಾವರಿಯ ಕಡೆಗೆ ಹೋಗಿ ‘ಟ್ಯಾಂಕ್’ ಆಯ್ತು. ಕನ್ನಡದಲ್ಲಿ ಆವಾಗಲೂ ಈವಾಗಲೂ ಕೆರೆಯೇ. ಕೇಂದ್ರ ಸರ್ಕಾರದ 2017ರ ಜೌಗುಭೂಮಿ ನಿಯಮಗಳು ಏನನ್ನುತ್ತವೆ ನೋಡಿ: ಕುಡಿಯೋ ನೀರಿಗೆ, ನೀರಾವರಿಗೆ ಅಂತ ಮನುಷ್ಯ ಕಟ್ಟಿದ ಟ್ಯಾಂಕುಗಳು ಜೌಗುಭೂಮಿಯ ವ್ಯಾಖ್ಯೆಯೊಳಗೆ ಬರೋದಿಲ್ಲ. ಅಂದರೆ ನೀವು ನಿಜ ಹೇಳಿ ‘ಇರಿಗೇಷನ್ ಟ್ಯಾಂಕ್’ ಅಂದರೆ ಆ ರಕ್ಷಣೆ ಇಲ್ಲ. ಹಕ್ಕಿ ಇದ್ದರೂ ಇಲ್ಲ, ಮೀನಿದ್ದರೂ ಇಲ್ಲ. ‘ಲೇಕ್’ ಅಂದರೆ ವಾದಕ್ಕೆ ಜಾಗ ಉಂಟು.

ಇನ್ನು ಬಫರ್. ಕೆರೆ ಅಂಚಿನಿಂದ 75 ಮೀಟರ್ ಬಿಡಬೇಕು ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು. ಸುಪ್ರೀಂ ಕೋರ್ಟ್ 2019ರ ಮಾರ್ಚಿನಲ್ಲಿ ಅದನ್ನ ತಳ್ಳಿಹಾಕಿ, ಮಾಸ್ಟರ್ ಪ್ಲ್ಯಾನಿನ 30 ಮೀಟರೇ ಮತ್ತೆ ಉಳೀತು. ಎರಡೂ ಕಡೆ ವಕೀಲರು ಮೀಟರಿನ ಲೆಕ್ಕ ಜಗಳಾಡಿದರು. ನಮ್ಮಪ್ಪನಂಥವರು ಕೇಳೋದು ಬೇರೆ: ಅಂಚಿನಿಂದ ಸರಿ, ಯಾವ ಅಂಚು? ಏರಿ ಹಿಂದಿನ 30 ಮೀಟರೂ ಹಿನ್ನೀರು ಕಡೆಯ 30 ಮೀಟರೂ ಒಂದೇನಾ? ಕೋಡಿ ಕೆಳಗೆ 30 ಮೀಟರ್ ಬಿಟ್ಟು 31ನೇ ಮೀಟರಿಗೆ ಬಿಲ್ಡಿಂಗ್ ಎಬ್ಬಿಸಿದರೆ ನೀರು ರೂಲ್ಸ್ ಬುಕ್ ಓದಿ ನಿಲ್ಲುತ್ತಾ? ಲೇಕ್ ಅಂತ ಯೋಚಿಸಿದರೆ ಸುತ್ತ ಒಂದೇ ಅಳತೆಯ ಬಳೆ ತೊಡಿಸಬಹುದು. ಕೆರೆ ಅಂತ ಯೋಚಿಸಿದರೆ ಒಂದೊಂದು ಕಡೆಗೆ ಒಂದೊಂದು ಅಳತೆ ಬೇಕಾಗುತ್ತೆ.

ಈ ರೋಗ ಬೆಂಗಳೂರಿಗೆ ಮಾತ್ರ ಅಂದುಕೋಬೇಡಿ. ವೀಕೆಂಡಿಗೆ ಸಾಗರದ ಕಡೆ ಹೋಗ್ತೀರಲ್ಲ, ‘ಬ್ಯಾಕ್‌ವಾಟರ್ ವ್ಯೂ’ ಹೋಮ್‌ಸ್ಟೇಗೆ? ಇಂಗ್ಲಿಷ್ ಕಿವಿಗೆ ಬ್ಯಾಕ್‌ವಾಟರ್ ಅಂದರೆ ಕೇರಳ, ತೆಂಗಿನ ತೋಟ, ಹೌಸ್‌ಬೋಟು. ಶರಾವತಿ ಹಿನ್ನೀರು ಅದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಊರು, ತೋಟ, ಗದ್ದೆ ಮುಳುಗಿಸಿ ನಿಂತ ನೀರು ಅದು. ಆ ಕಡೆಯವರ ಬಾಯಲ್ಲಿ ಅದಕ್ಕೊಂದು ಪದ ಇದೆ, ಮುಳುಗಡೆ. ಆದದ್ದಕ್ಕೂ ಮುಳುಗಡೆ, ಆದ ಜಾಗಕ್ಕೂ ಮುಳುಗಡೆ, ಎದ್ದು ಹೋದ ಜನಕ್ಕೂ ಮುಳುಗಡೆಯವರು. ನಾಡಿಗೆ ಕರೆಂಟ್ ಬರಲಿ ಅಂತ ಮನೆ ಬಿಟ್ಟವರ ಅಂಗಳದ ಮೇಲೆ ಕಯಾಕ್ ಓಡಿಸಿ ‘ಬ್ಯಾಕ್‌ವಾಟರ್ ವೈಬ್ಸ್’ ಅಂತ ಸ್ಟೇಟಸ್ ಹಾಕ್ತೀವಿ. ಹಾಕಬೇಡಿ ಅನ್ನಲ್ಲ. ಏನರ ಮೇಲೆ ಕೂತಿದ್ದೀವಿ ಅಂತ ಗೊತ್ತಿರಲಿ.

ಅಹಮದಾಬಾದಿನ ಸಾಬರಮತಿ ಇನ್ನೊಂದು ಉದಾಹರಣೆ. ನದಿಗೆ ದಂಡೆ ಇರುತ್ತೆ, ಅದು ಮಳೆಗಾಲಕ್ಕೆ ಅಗಲವಾಗುತ್ತೆ, ಬೇಸಗೆಗೆ ಮರಳು ಬಿಡುತ್ತೆ. ಮರಳಿನಲ್ಲಿ ಯಾರೋ ಸಂತೆ ಹಾಕ್ತಾರೆ, ಯಾರೋ ತರಕಾರಿ ಬೆಳೀತಾರೆ. ‘ರಿವರ್ ಫ್ರಂಟ್’ ಅಂತ ಹೆಸರಿಟ್ಟ ಮೇಲೆ ಎರಡೂ ಕಡೆ ಕಾಂಕ್ರೀಟ್ ಗೋಡೆ ಬಂತು, ನದಿಯ ಅಗಲ 263 ಮೀಟರ್ ಅಂತ ಒಂದೇ ಸಮ ಆಯ್ತು. ವರ್ಷವೆಲ್ಲ ಕಾಣಬೇಕಾದ ನೀರು ನರ್ಮದಾ ನಾಲೆಯಿಂದ ಬರುತ್ತೆ. ಚೆನ್ನಾಗಿ ಕಾಣುತ್ತೆ, ನಾನೂ ಹೋಗಿ ಫೋಟೋ ತೆಗೆಸಿಕೊಂಡಿದ್ದೀನಿ. ದಂಡೆ ಹೋಗಿ ಫ್ರಂಟ್ ಬಂದರೆ ಏನಾಗುತ್ತೆ ಅನ್ನೋಕೆ ಹೇಳಿದೆ, ಅಷ್ಟೇ.

ಇಷ್ಟು ಹೇಳಿದಾಗ ನನ್ನ ಟೀಮಿನ ಹುಡುಗಿಯೊಬ್ಬಳು ಎದುರು ಮಾತಾಡಿದಳು. ಅವಳ ಮಾತನ್ನ ನ್ಯಾಯವಾಗಿ ಇಡ್ತೀನಿ. “ಸರ್, ಅಮೆರಿಕದಲ್ಲಿ ಹೂವರ್ ಡ್ಯಾಮಿನ ಹಿಂದಿರೋದನ್ನೂ ಲೇಕ್ ಮೀಡ್ ಅಂತಾರೆ. ಕಟ್ಟಿದ್ದಕ್ಕೆ ಲೇಕ್ ಅನ್ನಬಾರದು ಅಂತ ರೂಲ್ ಇಲ್ಲ. ಇನ್ನೊಂದು, ಕೈಕೊಂಡರಹಳ್ಳಿ, ಜಕ್ಕೂರು, ಪುಟ್ಟೇನಹಳ್ಳಿ, ಇವನ್ನೆಲ್ಲ ಉಳಿಸಿಕೊಳ್ಳೋಕೆ ಓಡಾಡಿದವರು ‘ಸೇವ್ ಅವರ್ ಲೇಕ್’ ಅನ್ನೋ ಜನಾನೇ. ಊರಿನ ಪದ ಗೊತ್ತಿದ್ದವರು ಸೈಟ್ ಮಾರಿಕೊಂಡು ಹೋದರು, ಲೇಕ್ ಅನ್ನೋರು ಭಾನುವಾರ ಕಸ ಹೆಕ್ಕಿದರು.”

ಎರಡನೇ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ತಲೆ ಬಾಗಿಸ್ತೀನಿ. ನಮ್ಮೂರ ಕಡೆಯೂ ಕೆರೆ ಅಂಗಳ ಒತ್ತುವರಿ ಮಾಡಿದವರಿಗೆ ಅಂಗಳ ಅನ್ನೋ ಪದ ಬಾಯಿಪಾಠವಾಗೇ ಗೊತ್ತು. ಪದ ಗೊತ್ತಿದ್ದ ಮಾತ್ರಕ್ಕೆ ಯಾರೂ ಸಾಚಾ ಆಗಲ್ಲ. ಆದರೆ ಉಳಿಸಿಕೊಂಡ ಕೆರೆಗಳನ್ನ ನಾವು ಎಷ್ಟೋ ಕಡೆ ಏನು ಮಾಡಿದೆವು? ಲೇಕಿನ ಚಿತ್ರ ತಲೆಯಲ್ಲಿಟ್ಟುಕೊಂಡು ನಡು ಅಗೆದು, ಸುತ್ತಲೂ ಏರಿ ಹಾಕಿ, ಮೇಲೆ ವಾಕಿಂಗ್ ಟ್ರ್ಯಾಕು, ಸುತ್ತ ಬೇಲಿ, ಗೇಟಿಗೆ ಬೀಗ. ತಿಳಿದವರು ಇದನ್ನ ಸೂಪ್ ಬೌಲ್ ಅಂತಾರೆ. ನಾಲ್ಕೂ ಕಡೆ ಏರಿ ಹಾಕಿದರೆ ಮೇಲಿನ ನೀರು ಒಳಗೆ ಬರೋದು ಹೇಗೆ? ಹುಲ್ಲು ಕೊಯ್ಯೋ ಹೆಂಗಸರು, ದನ ಮೇಯಿಸೋರು, ಬಟ್ಟೆ ಒಗೆಯೋರು ಬೇಲಿ ಹೊರಗೆ ಉಳಿದರು. ಪ್ರೀತಿ ಇತ್ತು, ಪದ ತಪ್ಪಿತ್ತು, ಅದಕ್ಕೇ ಕೆಲಸ ಅರ್ಧ ಆಯ್ತು.

ಮೊದಲನೇ ಮಾತಿಗೆ ಉತ್ತರ ಇದೆ. ಲೇಕ್ ಮೀಡ್ ಅನ್ನೋರಿಗೆ ಅದರ ಹಿಂದೆ ಹೂವರ್ ಡ್ಯಾಮ್ ಇದೆ ಅಂತ ಗೊತ್ತು. ಅದನ್ನ ನೋಡೋಕೇ ಟಿಕೆಟ್ ತಗೊಂಡು ಹೋಗ್ತಾರೆ. ನಿಮ್ಮ ಲೇಕಿನ ಡ್ಯಾಮ್ ಎಲ್ಲಿದೆ, ಹೇಳಿ ನೋಡೋಣ. ನಾನು ಅದರ ಮೇಲೆ ದಿನಾ ವಾಕಿಂಗ್ ಮಾಡ್ತಿದ್ದೆ, ನನಗೇ ಗೊತ್ತಿರಲಿಲ್ಲ.

ಹಾಗಾದರೆ ಮತ್ತೆ ಟ್ಯಾಂಕ್ ಅನ್ನೋಣವಾ? ಅದೂ ಬೇಡ. ಲೇಕ್ ಅನ್ನೋದು ಅಪಾಯ ಮುಚ್ಚಿಡುತ್ತೆ, ಟ್ಯಾಂಕ್ ಅನ್ನೋದು ಜೀವ ಮುಚ್ಚಿಡುತ್ತೆ. 2017ರ ನಿಯಮ ಮಾಡಿದ್ದು ಅದನ್ನೇ. ಬಾಗಿನ ಬಿಡೋ ನೀರು, ತೆಪ್ಪೋತ್ಸವ ನಡೆಯೋ ನೀರು, ‘ಕೆರೆಗೆ ಹಾರ’ದ ಹೆಣ್ಣುಮಗಳು ಒಳಗೆ ನಿಂತಿರೋ ನೀರು ಬರೀ ತೊಟ್ಟಿ ಅಲ್ಲ. ನಾನು ಕೇಳೋದು ಇಷ್ಟೇ: ಇಂಗ್ಲಿಷ್ ಬರೆಯುವಾಗ ಕೆರೆ ಅಂತಲೇ ಬರೆಯಿರಿ. ಲಾಕ್ ಇರಬಹುದಾದ, ಫ್ಯೋರ್ಡ್ ಇರಬಹುದಾದ, ನಮ್ಮದೇ ಆನಿಕಟ್ ಆಗಲೇ ಒಳಗೆ ಕೂತಿರೋ ಭಾಷೆಯಲ್ಲಿ ಕೆರೆಗೆ ಜಾಗ ಇದ್ದೇ ಇದೆ. ಕೋಡಿಗೂ ಇದೆ. ರಾಜಕಾಲುವೆಗೆ ಡ್ರೈನ್ ಅನ್ನೋದನ್ನ ಇವತ್ತೇ ಬಿಡಿ. ಮ್ಯಾಪಿನಲ್ಲಿ, ಅಸೋಸಿಯೇಷನ್ ವಾಟ್ಸಾಪಿನಲ್ಲಿ, ಕಂಪ್ಲೇಂಟ್ ಇಮೇಲಿನಲ್ಲಿ ರಾಜಕಾಲುವೆ ಅಂತಲೇ ಹಾಕಿ. ಜಾಗ ಹೇಳಬೇಕಾದರೆ ಸೈಡ್, ಫ್ರಂಟ್, ವ್ಯೂ ಬಿಟ್ಟು ಸರಳ ಇಂಗ್ಲಿಷಿನಲ್ಲಿ ನಿಜ ಹೇಳಿ: ಬಿಲೋ ದ ಬಂಡ್. ಇನ್ ದ ಕೆರೆ ಬೆಡ್. ಆನ್ ದ ಕೋಡಿ ಪಾತ್. ಓದಿದವನು ಹೆದರಿ ಎರಡು ಪ್ರಶ್ನೆ ಕೇಳಲಿ, ಪದ ಇರೋದೇ ಅದಕ್ಕೆ.

ಮನೆ ನೋಡೋಕೆ ಹೊರಟವರಿಗೆ ಇನ್ನೊಂದು ಮಾತು. ಸೇಲ್ಸ್ ಹುಡುಗ ‘ಲೇಕ್’ ಅಂದ ತಕ್ಷಣ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆಗೆಯಿರಿ. ನಮ್ಮ ಕಂದಾಯ ಇಲಾಖೆಯದು, ದುಡ್ಡಿಲ್ಲ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ, ಹಳೇ ಗ್ರಾಮನಕ್ಷೆಯ ಕೆರೆ, ಹಳ್ಳ, ಕಾಲುವೆಗಳನ್ನ ತೋರಿಸುತ್ತೆ. ಪಹಣಿಯಲ್ಲಿ ಖರಾಬು ಎಷ್ಟು, ಯಾತಕ್ಕೆ ಖರಾಬು ಅಂತ ನೋಡಿ. ಆಮೇಲೆ ಹುಡುಗನನ್ನ ಕೇಳಿ: ಏರಿ ಯಾವುದು, ತೂಬು ಎಲ್ಲಿ, ಕೋಡಿ ಯಾವ ಕಡೆ? ಅವನಿಗೆ ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಹತ್ತಿರದ ಹಳೇ ಊರಿನ ಟೀ ಅಂಗಡಿಯಲ್ಲಿ ವಯಸ್ಸಾದವರನ್ನ ಕೇಳಿ. ಐದು ನಿಮಿಷದ ಕೆಲಸ. ನಾನು ಇದನ್ನ ಮಾಡಲಿಲ್ಲ, ಅದಕ್ಕೆ ಇನ್ನೂ ಹದಿನಾಲ್ಕು ವರ್ಷ ಇಎಂಐ ಕಟ್ಟಬೇಕು.

ಆ ಹಳೇ ಕಂಪನಿಯ ಗೆಳೆಯನಿಗೆ ಫೋನ್ ಮಾಡಿ ಡ್ರಾಪ್‌ಡೌನ್ ಬದಲಾಯಿಸು ಅಂದೆ. “ಕೆನಾಲ್ ಸೈಡ್ ತೆಗೆದು ರಾಜಕಾಲುವೆ ಅಂತ ಹಾಕು.” ಅವನು ನಕ್ಕ. “ಮಗಾ, ಹಾಕಿದರೆ ಯಾರು ಕ್ಲಿಕ್ ಮಾಡ್ತಾರೆ?” ಅಂದ.

ಯಾರೂ ಮಾಡಲ್ಲ. ನಾನೂ ಅದನ್ನೇ ಹೇಳ್ತಿರೋದು.